ಕೊಚ್ಚಿಯಿಂದ ಲಂಡನ್: ಕಿಲೋಮೀಟರ್ ಒಂದು ಲೆಕ್ಕ, ಗಂಟೆ ಇನ್ನೊಂದು ಲೆಕ್ಕ

ಪಾಲಾರಿವಟ್ಟಂ ಮೆಟ್ರೊ ನಿಲ್ದಾಣದಿಂದ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಸುಮಾರು 25 ಕಿ.ಮೀ. ಅಲ್ಲಿಂದ ಲಂಡನ್ನಿನ ಹೀಥ್ರೂಗೆ ಸುಮಾರು 8,220 ಕಿ.ಮೀ. ಮೊದಲಿನ 25 ಕಿಲೋಮೀಟರಿಗೆ, ಅದರ ಜೊತೆಗೆ ವಿಮಾನ ಹತ್ತುವ ತನಕದ ಸಾಲುಗಳಿಗೆ ನಾಲ್ಕು ಗಂಟೆ ತೆಗೆದಿಡಬೇಕು. ನಡುವೆ ಎಲ್ಲೂ ಇಳಿಯದ ವಿಮಾನ ಸಿಕ್ಕರೆ ಉಳಿದ 8,220 ಕಿ.ಮೀ.ಗೆ ಹನ್ನೊಂದು ಗಂಟೆ ಸಾಕು. ದೂರದ ಊರಿಗೆ ಹೊರಟವರು ಮೊದಲು ಫೋನ್ ತೆಗೆದು ನೋಡುವುದು ಎಷ್ಟು ಕಿಲೋಮೀಟರ್ ಎಂದು. ಆದರೆ ಪ್ರಯಾಣ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಆ ಸಂಖ್ಯೆಯೊಂದೇ ಹೇಳುವುದಿಲ್ಲ. ಗಾಳಿ, ಗಡಿಯಾರ, ಮುಚ್ಚಿದ ವಾಯುಮಾರ್ಗ, ನಡುವೆ ಕಾಯುವ ನಿಲ್ದಾಣ, ಮನೆ ಮುಂದಿನ ರಸ್ತೆ ಎಲ್ಲವೂ ಸೇರಿ ಆ ಲೆಕ್ಕ ಆಗುತ್ತದೆ.

ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಕೆಲಸ ಮಾಡುತ್ತ ಪಾಲಾರಿವಟ್ಟಂ, ಎಡಪ್ಪಳ್ಳಿ ಕಡೆ ಮನೆ ಹಿಡಿದ ಕಾಸರಗೋಡಿನವರಿಗೆ, ಮಂಗಳೂರಿನವರಿಗೆ, ಬೆಂಗಳೂರಿನಿಂದ ವರ್ಗವಾಗಿ ಬಂದವರಿಗೆ ಈ ಲೆಕ್ಕ ಆಗಾಗ ಬೇಕಾಗುತ್ತದೆ. ಮಗಳ ಕಾನ್ವೊಕೇಷನ್‌ಗೆ, ಸೊಸೆಯ ಬಾಣಂತನಕ್ಕೆ, ಕಂಪನಿಯ ಕೆಲಸಕ್ಕೆ ಹೊರಡುವವರು ಟಿಕೆಟ್ ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಗೋಳದ ಮೇಲಿನ ಗೆರೆ

ಯಾವುದೇ ವೆಬ್‌ಸೈಟ್ ತೋರಿಸುವ ‘ವಿಮಾನ ದೂರ’ ಸಾಮಾನ್ಯವಾಗಿ ಎರಡು ನಿಲ್ದಾಣಗಳ ನಡುವೆ ಭೂಮಿಯ ಮೇಲ್ಮೈಗುಂಟ ಎಳೆದ ಅತಿ ಚಿಕ್ಕ ಗೆರೆಯ ಉದ್ದ. ಗೋಡೆಗೆ ತೂಗುಹಾಕಿದ ಚಪ್ಪಟೆ ಭೂಪಟದಲ್ಲಿ ಈ ಗೆರೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಶಾಲೆಯ ಗೋಳದ ಮೇಲೆ ಕೊಚ್ಚಿಗೂ ಲಂಡನ್ನಿಗೂ ಒಂದು ದಾರ ಬಿಗಿದು ಹಿಡಿದರೆ ಅದು ನೆಟ್ಟಗಿರುತ್ತದೆ. ಆ ದಾರ ಅರಬ್ಬಿ ಸಮುದ್ರ ದಾಟಿ, ಪಾಕಿಸ್ತಾನದ ಗ್ವಾದರ್ ಇರುವ ಮಕ್ರಾನ್ ಕರಾವಳಿಯನ್ನು ಮುಟ್ಟಿ, ಇರಾನ್ ದೇಶವನ್ನು ಓರೆಯಾಗಿ ಹಾಯ್ದು, ಕಪ್ಪು ಸಮುದ್ರದ ಮೇಲಿಂದ ರೊಮೇನಿಯಕ್ಕೆ, ಅಲ್ಲಿಂದ ಮಧ್ಯ ಯುರೋಪಿಗೆ ಹೋಗುತ್ತದೆ. ಅರ್ಧ ದಾರಿ ಮುಗಿಯುವುದು ಇರಾನಿನ ವಾಯವ್ಯ ಮೂಲೆಯಲ್ಲಿ.

ಒಂದು ಸೈಟಿಗೂ ಇನ್ನೊಂದಕ್ಕೂ ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ. ಕೆಲವರು ಭೂಮಿ ಪೂರ್ತಿ ಗುಂಡಗಿದೆ ಎಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ, ಕೆಲವರು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನಿಜವಾದ ಆಕಾರವನ್ನು ಹಿಡಿಯುತ್ತಾರೆ. ಗಮನಿಸಬೇಕಾದ್ದು ಅಳತೆಯ ಘಟಕ. ಅದೇ 8,220 ಕಿ.ಮೀ. ಮೈಲಿಯಲ್ಲಿ ಸುಮಾರು 5,100, ವಿಮಾನದವರು ಬಳಸುವ ನಾಟಿಕಲ್ ಮೈಲಿಯಲ್ಲಿ ಸುಮಾರು 4,440. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಸೀಟಿನ ಮುಂದಿನ ಪರದೆಯಲ್ಲಿ ‘ಉಳಿದ ದೂರ’ ನೋಡಿ ಕುಳಿತವರು ಯಾವ ಘಟಕ ಎಂದು ಒಮ್ಮೆ ನೋಡಿಕೊಳ್ಳಬೇಕು.

ದುಬೈ ಸುತ್ತು ದಾರಿಯಲ್ಲ

ಕೊಚ್ಚಿಯಿಂದ ಲಂಡನ್ನಿಗೆ ಏರ್ ಇಂಡಿಯಾ 2020ರ ಆಗಸ್ಟ್‌ನಲ್ಲಿ, ಕೊರೊನಾ ಕಾಲದಲ್ಲಿ, ನಾನ್‌ಸ್ಟಾಪ್ ವಿಮಾನ ಶುರು ಮಾಡಿತ್ತು. ಮೊದಲು ಹೀಥ್ರೂಗೆ, 2023ರಿಂದ ಗ್ಯಾಟ್‌ವಿಕ್‌ಗೆ ಹೋಗುತ್ತಿದ್ದ ಆ ವಿಮಾನ 2025ರ ಮಾರ್ಚ್ ಕೊನೆಗೆ ನಿಂತುಹೋಯಿತು. ಆಗ ಹಲವರಿಗೆ ಬಂದ ಆತಂಕ ಒಂದೇ: ಇನ್ನು ಎಲ್ಲೆಲ್ಲೋ ಸುತ್ತಿ ಹೋಗಬೇಕಲ್ಲ ಎಂದು. ಸುತ್ತು ನಿಜವಾಗಿ ಎಷ್ಟು ಎಂಬುದನ್ನು ಹೀಥ್ರೂ ಕೊನೆಯ ನಿಲ್ದಾಣ ಎಂದಿಟ್ಟುಕೊಂಡು ನೋಡಬಹುದು.

ನೇರ: ಸುಮಾರು 8,220 ಕಿ.ಮೀ.
ಮುಂಬೈ ಮೂಲಕ: ಸುಮಾರು 8,270 ಕಿ.ಮೀ.
ದುಬೈ ಮೂಲಕ: ಸುಮಾರು 8,280 ಕಿ.ಮೀ.
ದೋಹಾ ಮೂಲಕ: ಸುಮಾರು 8,350 ಕಿ.ಮೀ.
ಬೆಂಗಳೂರು ಮೂಲಕ: ಸುಮಾರು 8,410 ಕಿ.ಮೀ.
ದಿಲ್ಲಿ ಮೂಲಕ: ಸುಮಾರು 8,780 ಕಿ.ಮೀ.

ದುಬೈ ಮೂಲಕ ಹೋದರೆ ಹೆಚ್ಚಾಗುವ ದೂರ ಬರೇ 60 ಕಿ.ಮೀ. ಆಸುಪಾಸು. ಕೇರಳದಿಂದ ನೋಡಿದರೆ ಕೊಲ್ಲಿಯ ಊರುಗಳು ಲಂಡನ್ನಿನ ದಾರಿಯಲ್ಲೇ ಇವೆ. ಬೆಂಗಳೂರಿಗೆ ಹೋಗಿ ವಿಮಾನ ಬದಲಿಸಿದರೂ ಇನ್ನೂರು ಕಿಲೋಮೀಟರಿನೊಳಗೇ ಮುಗಿಯುತ್ತದೆ. ದಿಲ್ಲಿಯಾದರೆ 550 ಕಿ.ಮೀ.ಗಿಂತ ಹೆಚ್ಚು, ಅಂದರೆ ಮುಕ್ಕಾಲು ಗಂಟೆಯ ಹಾರಾಟ. ಅಗ್ಗದ ಟಿಕೆಟ್ ಹುಡುಕುವಾಗ ಒಮ್ಮೊಮ್ಮೆ ಸಿಂಗಪುರದ ಮೂಲಕ ಲಂಡನ್ನಿಗೆ ದಾರಿ ತೋರಿಸುವುದುಂಟು. ಆ ದಾರಿ 14,000 ಕಿ.ಮೀ. ದಾಟುತ್ತದೆ. ಪಶ್ಚಿಮಕ್ಕೆ ಹೊರಟವರು ಮೊದಲು 3,200 ಕಿ.ಮೀ. ಪೂರ್ವಕ್ಕೆ ಹೋಗಿ ಬಂದಂತೆ.

ಹಾಗಾಗಿ ಒಂದು ನಿಲುಗಡೆಯ ಟಿಕೆಟ್ ತೂಗಿ ನೋಡುವಾಗ ಕಿಲೋಮೀಟರ್ ಬಿಟ್ಟು ನಡುವಿನ ಕಾಯುವಿಕೆಯನ್ನು ನೋಡಬೇಕು. ದುಬೈಯಲ್ಲಿ ಮೂರು ಗಂಟೆ ಕಾಯುವ ಟಿಕೆಟ್ಟಿಗೂ ಹನ್ನೊಂದು ಗಂಟೆ ಕಾಯುವ ಟಿಕೆಟ್ಟಿಗೂ ದೂರ ಒಂದೇ, ದರದಲ್ಲಿ ಕೆಲವು ಸಾವಿರದ ಅಂತರ. ಮಂಡಿನೋವಿನ ಅಮ್ಮನನ್ನು ಕಳಿಸುವಾಗ ಆ ಕೆಲವು ಸಾವಿರಕ್ಕೆ ಬೆಲೆ ಇದೆ. ಹಾಗೆಂದು ತೀರಾ ಕಡಿಮೆ ಕಾಯುವ ಟಿಕೆಟ್ ಕೂಡ ಅಪಾಯವೇ. ದೊಡ್ಡ ನಿಲ್ದಾಣದಲ್ಲಿ ಟರ್ಮಿನಲ್ ಬದಲಿಸಿ, ಮತ್ತೆ ಸೆಕ್ಯುರಿಟಿ ತಪಾಸಣೆ ಮುಗಿಸಿ, ಗೇಟಿಗೆ ನಡೆಯಲು ಒಂದು ಗಂಟೆ ಸಾಲದು. ಎರಡರಿಂದ ನಾಲ್ಕು ಗಂಟೆಯ ನಡುವಿನದು ವಾಸಿ.

800ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ

ಜೆಟ್ ವಿಮಾನಗಳು ಮೇಲೆ ಹೋದಮೇಲೆ ಗಂಟೆಗೆ 830ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ. ಟಿಕೆಟ್ಟಿನಲ್ಲಿ ಅಚ್ಚಾದ ಸಮಯವೂ ಗಾಳಿಯಲ್ಲಿರುವ ಸಮಯವಲ್ಲ. ಗೇಟಿನಿಂದ ಹಿಂದೆ ಸರಿದ ಗಳಿಗೆಯಿಂದ ಇನ್ನೊಂದು ಊರಿನ ಗೇಟಿಗೆ ತಾಗಿ ನಿಲ್ಲುವ ತನಕದ ಹೊತ್ತು ಅದು. ವಿಮಾನದವರ ಭಾಷೆಯಲ್ಲಿ ಬ್ಲಾಕ್ ಟೈಮ್. ರನ್‌ವೇ ತನಕ ಸಾಗುವುದು, ಸರದಿಗೆ ಕಾಯುವುದು ಎಲ್ಲ ಅದರಲ್ಲಿ ಸೇರಿದೆ.

ಮನೆಯಲ್ಲಿ ಕುಳಿತು ಅಂದಾಜು ಮಾಡಲು ಸುಲಭ ದಾರಿ: ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸುವುದು. ಕೊಚ್ಚಿಯಿಂದ ದಿಲ್ಲಿಗೆ ಸುಮಾರು 2,040 ಕಿ.ಮೀ.; ಲೆಕ್ಕ ಮೂರು ಗಂಟೆ ಹೇಳುತ್ತದೆ. ದುಬೈಗೆ 2,780 ಕಿ.ಮೀ., ನಾಲ್ಕು ಗಂಟೆ. ಸಿಂಗಪುರಕ್ಕೆ 3,200 ಕಿ.ಮೀ., ನಾಲ್ಕೂವರೆ ಗಂಟೆ. ಲಂಡನ್ನಿಗೆ ಹತ್ತೂಮುಕ್ಕಾಲು ಗಂಟೆ. ವೇಳಾಪಟ್ಟಿಗಳು ಹೆಚ್ಚು ಕಡಿಮೆ ಇದರ ಆಚೀಚೆಗೇ ಇರುತ್ತವೆ. ಹದಿನಾಲ್ಕು ಗಂಟೆ ಮೀರುವ ಅತಿ ದೂರದ ಹಾರಾಟಕ್ಕೆ ಮಾತ್ರ ಈ ಸೂತ್ರ ತುಸು ಹೆಚ್ಚೇ ತೋರಿಸುತ್ತದೆ.

ಹತ್ತಿರದ ಊರುಗಳಲ್ಲಿ ಈ ಅರ್ಧ ಗಂಟೆಯ ಪಾಲೇ ದೊಡ್ಡದು. ಕೊಚ್ಚಿಯಿಂದ ಬೆಂಗಳೂರಿಗೆ ವಿಮಾನದ ದೂರ ಸುಮಾರು 365 ಕಿ.ಮೀ. ಮುಕ್ಕಾಲು ಗಂಟೆ ಹಾರಿದರೆ ಮುಗಿಯಿತು, ಆದರೆ ವೇಳಾಪಟ್ಟಿ ಗಂಟೆಯ ಮೇಲೆ ತೋರಿಸುತ್ತದೆ. ಅದೇ ದಾರಿಯಲ್ಲಿ ಎಟಿಆರ್‌ನಂಥ ಫ್ಯಾನಿನ ವಿಮಾನ ಸಿಕ್ಕರೆ ಇನ್ನೂ ಹೆಚ್ಚು, ಏಕೆಂದರೆ ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಬುಕ್ ಮಾಡುವಾಗ ವಿಮಾನದ ಮಾದರಿಯ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿಕೊಳ್ಳಬಹುದು.

ಹೋಗುವಾಗ ಎದುರು ಗಾಳಿ

ಲಂಡನ್ನಿಗೆ ಹೋಗುವ ವಿಮಾನಕ್ಕಿಂತ ಅಲ್ಲಿಂದ ಬರುವ ವಿಮಾನ ಬೇಗ ತಲುಪುವುದನ್ನು ಹಲವರು ಗಮನಿಸಿರುತ್ತಾರೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಹೊನಲುಗಳಿವೆ, ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಪೂರ್ವಕ್ಕೆ ಬರುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದಕ್ಕೆ ಎದೆಗೊಟ್ಟು ತಡೆಯುತ್ತದೆ. ಚಳಿಗಾಲದಲ್ಲಿ ಇದರ ಬಲ ಹೆಚ್ಚು. ಕೊಚ್ಚಿ, ಲಂಡನ್ ನಡುವೆ ಹೋಗುವ ಮತ್ತು ಬರುವ ಸಮಯದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ವ್ಯತ್ಯಾಸ ಬರುವುದು ಹೀಗೆ.

ಈ ಗಾಳಿ ಏನು ಮಾಡಬಲ್ಲದು ಎಂಬುದಕ್ಕೆ 2020ರ ಫೆಬ್ರುವರಿಯ ಒಂದು ರಾತ್ರಿ ಸಾಕ್ಷಿ. ಕಿಯಾರಾ ಹೆಸರಿನ ಬಿರುಗಾಳಿ ಎದ್ದಿದ್ದಾಗ ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಲಂಡನ್ ಸೇರಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು.

ಕೇರಳ ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ದುಬೈ, ದೋಹಾ ಹಾರಾಟಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ದುಬೈಯಿಂದ ಮುಂದೆ ಉತ್ತರಕ್ಕೆ ಹೋದಂತೆ ಗಾಳಿಯ ಆಟ ಜೋರಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಪಶ್ಚಿಮಕ್ಕೆ ಹೋಗುವವರು ಮುಂದಿನ ರೈಲನ್ನೋ ಬಸ್ಸನ್ನೋ ಬಿಗಿಯಾಗಿ ಬುಕ್ ಮಾಡದಿರುವುದು ಲೇಸು.

ಆಕಾಶಕ್ಕೂ ಬೇಲಿ

ಭೂಪಟದ ದೂರ ಬದಲಾಗದಿದ್ದರೂ ಹಾರುವ ದೂರ ರಾತ್ರೋರಾತ್ರಿ ಬದಲಾಗುವುದುಂಟು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನ ಕಂಪನಿಗಳಿಗೆ ತನ್ನ ವಾಯುಮಾರ್ಗ ಮುಚ್ಚಿತು. ಅದರ ಬಿಸಿ ಹೆಚ್ಚು ತಟ್ಟಿದ್ದು ದಿಲ್ಲಿಯಂಥ ಉತ್ತರದ ನಿಲ್ದಾಣಗಳಿಗೆ. ದಿಲ್ಲಿಯಿಂದ ಅಮೆರಿಕಕ್ಕೆ ಹೊರಟ ಕೆಲವು ವಿಮಾನಗಳು ಇಂಧನ ತುಂಬಿಸಿಕೊಳ್ಳಲು ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಕೊಚ್ಚಿಯ ಗೆರೆ ಮಕ್ರಾನ್ ಕರಾವಳಿಯ ಅಂಚನ್ನಷ್ಟೇ ಮುಟ್ಟುವುದರಿಂದ ತುಸು ಪಶ್ಚಿಮಕ್ಕೆ, ಒಮಾನ್ ಕಡೆಗೆ ಜರುಗಿದರೆ ಸಾಕು. ಅದೇ ಅಡಚಣೆ ದಿಲ್ಲಿಯವರಿಗೆ ದೊಡ್ಡದು, ಕೊಚ್ಚಿಯವರಿಗೆ ಚಿಕ್ಕದು.

ಕೊಲ್ಲಿಯಲ್ಲಿ ಗದ್ದಲವಾದರೆ ಕತೆ ತಿರುಗುಮುರುಗು. 2025ರ ಜೂನ್ 23ರ ರಾತ್ರಿ ಕತಾರಿನ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ ಕತಾರ್, ಬಹ್ರೇನ್, ಕುವೈತ್, ಯುಎಇ ಕೆಲವು ಗಂಟೆ ತಮ್ಮ ಆಕಾಶ ಮುಚ್ಚಿದವು. ಕೊಚ್ಚಿ, ತಿರುವನಂತಪುರದಿಂದ ಕೊಲ್ಲಿಗೆ ಹೊರಟವರು ನಿಲ್ದಾಣದಲ್ಲೇ ಉಳಿದರು. ಯುರೋಪಿಗೆ ಹೋಗುವ ಕೇರಳದ ಬಹುಪಾಲು ಟಿಕೆಟ್‌ಗಳು ಕೊಲ್ಲಿಯ ನಾಲ್ಕೈದು ಊರುಗಳ ಮೂಲಕವೇ ಹೋಗುವುದರಿಂದ ಇಂಥ ದಿನಗಳಲ್ಲಿ ಮುಂಬೈ ಅಥವಾ ಬೆಂಗಳೂರಿನ ದಾರಿ ನೆನಪಿಟ್ಟುಕೊಳ್ಳಬೇಕು. ಮೇಲಿನ ಪಟ್ಟಿಯಲ್ಲಿ ಕಂಡಂತೆ ದೂರದಲ್ಲಿ ಅವು ಏನೂ ಹಿಂದಿಲ್ಲ.

ಗಡಿಯಾರ ಹೇಳುವ ಸುಳ್ಳು

ಟಿಕೆಟ್ಟಿನ ಹೊರಡುವ, ತಲುಪುವ ಎರಡೂ ಸಮಯ ಆಯಾ ಊರಿನವು. ಚಳಿಗಾಲದಲ್ಲಿ ಲಂಡನ್ ನಮಗಿಂತ 5 ಗಂಟೆ 30 ನಿಮಿಷ ಹಿಂದೆ, ಬೇಸಿಗೆಯಲ್ಲಿ 4 ಗಂಟೆ 30 ನಿಮಿಷ. ಬದಲಾವಣೆ ಆಗುವುದು ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅಮೆರಿಕದ ಹೆಚ್ಚಿನ ಭಾಗದಲ್ಲಿ ಗಡಿಯಾರ ತಿರುಗುವುದು ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ. ದುಬೈಗೂ ನಮಗೂ ಅಂತರ ವರ್ಷವಿಡೀ ಒಂದೂವರೆ ಗಂಟೆ, ದೋಹಾಗೆ ಎರಡೂವರೆ.

ಚಳಿಗಾಲದ ಒಂದು ದಿನ ಮಧ್ಯಾಹ್ನ 1 ಗಂಟೆಗೆ ಕೊಚ್ಚಿ ಬಿಟ್ಟು ಹತ್ತೂವರೆ ಗಂಟೆ ಹಾರಿದವರು ಲಂಡನ್ನಿನಲ್ಲಿ ಇಳಿಯುವಾಗ ಅಲ್ಲಿ ಸಂಜೆ 6. ಗಡಿಯಾರ ನೋಡಿದರೆ ಐದೇ ಗಂಟೆ. ಮರಳುವಾಗ ರಾತ್ರಿ 8ಕ್ಕೆ ಹೊರಟು ಒಂಬತ್ತೂಮುಕ್ಕಾಲು ಗಂಟೆ ಹಾರಿದರೆ ಕೊಚ್ಚಿಯಲ್ಲಿ ಮರುದಿನ ಬೆಳಿಗ್ಗೆ 11.15. ಗಡಿಯಾರದಲ್ಲಿ ಹದಿನೈದು ಗಂಟೆಗೂ ಹೆಚ್ಚು. ನಿಜವಾದ ಹೊತ್ತು ತಿಳಿಯಲು ಹೊರಡುವ, ತಲುಪುವ ಎರಡೂ ಸಮಯವನ್ನು ಮೊದಲು ಭಾರತದ ಸಮಯಕ್ಕೆ ತಂದು, ಆಮೇಲೆ ಕಳೆಯಬೇಕು. ಟಿಕೆಟ್ಟಿನ ಪಕ್ಕದಲ್ಲಿ ಚಿಕ್ಕದಾಗಿ ‘+1’ ಎಂದಿದ್ದರೆ ತಲುಪುವುದು ಮರುದಿನ ಎಂದರ್ಥ. ಕರೆದುಕೊಂಡು ಹೋಗಲು ಬರುವವರಿಗೆ ದಿನಾಂಕ ತಪ್ಪಿ ಹೇಳುವುದು ಈ ಗುರುತನ್ನು ನೋಡದೆ ಹೋದಾಗಲೇ.

ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ದಾರಿಯಲ್ಲಿ ಇದು ಇನ್ನೂ ವಿಚಿತ್ರ. ಎರಡರ ನಡುವಿನ ನೇರ ದೂರ ಸುಮಾರು 14,000 ಕಿ.ಮೀ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಮೊದಲ ನಾನ್‌ಸ್ಟಾಪ್ ವಿಮಾನ ಉತ್ತರ ಧ್ರುವದ ಮೇಲಿಂದ ಹಾದು ಬೆಂಗಳೂರಿಗೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಹಾರಿದ್ದು ಸುಮಾರು 17 ಗಂಟೆ, ಇಳಿದದ್ದು 11ರ ಬೆಳಗಿನ ಜಾವ. ಎದುರು ದಿಕ್ಕಿನಲ್ಲಿ ಲೆಕ್ಕ ತಲೆಕೆಳಗು. ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಸಂಜೆ 4.30ಕ್ಕೆ ಇಳಿಯುತ್ತಾರೆ.

ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದು ಬರೇ ಕುತೂಹಲದ ಸಂಗತಿಯಲ್ಲ. ಬಿಪಿ ಮಾತ್ರೆ ದಿನಕ್ಕೊಮ್ಮೆ ಎಂದರೆ ಇಪ್ಪತ್ತನಾಲ್ಕು ಗಂಟೆಗೊಮ್ಮೆ. ಕೈಗಡಿಯಾರವೊಂದನ್ನು ಭಾರತದ ಸಮಯದಲ್ಲೇ ಬಿಟ್ಟು, ಹಾರಾಟ ಮುಗಿಯುವ ತನಕ ಅದನ್ನೇ ಅನುಸರಿಸುವುದು ಸುಲಭ. ಇನ್ಸುಲಿನ್ ತೆಗೆದುಕೊಳ್ಳುವವರು ಟಿಕೆಟ್ಟಿನ ಸಮಯಗಳನ್ನು ಡಾಕ್ಟರಿಗೆ ತೋರಿಸಿ ಎಷ್ಟು ಹೊತ್ತಿಗೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಬೇಕು. ಔಷಧಿ ಕೈಚೀಲದಲ್ಲಿರಲಿ, ಚೀಟಿಯೂ ಜೊತೆಗಿರಲಿ. ನಿದ್ದೆಯ ಏರುಪೇರು ಪಶ್ಚಿಮಕ್ಕೆ ಹೋದಾಗ ಬೇಗ ಸರಿಹೋಗುತ್ತದೆ, ಪೂರ್ವಕ್ಕೆ ಮರಳಿದಾಗ ಹೆಚ್ಚು ದಿನ ಕಾಡುತ್ತದೆ. ಲಂಡನ್ನಿನಿಂದ ಬಂದ ಮರುದಿನವೇ ಆಫೀಸಿಗೆ ಹೋಗುವ ಹಟ ಬೇಡ.

ನೆಲದ ಮೇಲಿನ ಒಂಬತ್ತು ಗಂಟೆ

ಪಾಲಾರಿವಟ್ಟಂನ ಮನೆಯಿಂದ ಲಂಡನ್ನಿನ ಮನೆಯ ತನಕ ದುಬೈ ಮೂಲಕ ಒಂದು ಅಂದಾಜು ಹೀಗಿದೆ. ನಿಲ್ದಾಣಕ್ಕೆ ಹೋಗಲು ಒಂದು ಗಂಟೆ, ಅಲ್ಲಿ ಮೂರು ಗಂಟೆ, ದುಬೈಗೆ ನಾಲ್ಕು ಗಂಟೆ, ಕಾಯಲು ಮೂರು ಗಂಟೆ, ಲಂಡನ್ನಿಗೆ ಏಳೂವರೆ ಗಂಟೆ, ಇಮಿಗ್ರೇಷನ್ ಮತ್ತು ಲಗೇಜಿಗೆ ಒಂದು ಗಂಟೆ, ಊರೊಳಗಿನ ರೈಲಿಗೆ ಒಂದು ಗಂಟೆ. ಒಟ್ಟು ಇಪ್ಪತ್ತೂವರೆ ಗಂಟೆ. ಇದರಲ್ಲಿ ವಿಮಾನದ್ದು ಹನ್ನೊಂದೂವರೆ, ಉಳಿದ ಒಂಬತ್ತು ನೆಲದ ಮೇಲೆ. ಉಳಿಸಿಕೊಳ್ಳಲು ಪ್ರಯಾಣಿಕರ ಕೈಯಲ್ಲಿರುವುದು ಈ ಒಂಬತ್ತು ಗಂಟೆಗಳಷ್ಟೆ.

ಮೊದಲ ಗಂಟೆಯಿಂದ ಶುರು ಮಾಡೋಣ. 2017ರ ಜೂನ್ 17ರಂದು ಕೊಚ್ಚಿ ಮೆಟ್ರೊ ಉದ್ಘಾಟನೆಯಾದಾಗ ಅದು ಓಡಿದ್ದು ಆಲುವಾದಿಂದ ಪಾಲಾರಿವಟ್ಟಂ ತನಕ, 13 ಕಿ.ಮೀ. ಆ 13 ಕಿ.ಮೀ. ಈಗಲೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಆಲುವಾದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊದ ಫೀಡರ್ ಬಸ್ಸು ಇದೆ. ರಸ್ತೆಯಲ್ಲಿ ಹೋಗುವವರಿಗೆ ಬೈಪಾಸಿನ ಭರವಸೆ ಇಲ್ಲ. ಪಾಲಾರಿವಟ್ಟಂ ಮೇಲ್ಸೇತುವೆಯೇ 2016ರಲ್ಲಿ ತೆರೆದು, ಬಿರುಕು ಬಿಟ್ಟು, 2019ರ ಮೇಯಲ್ಲಿ ಮುಚ್ಚಿ, ಹೊಸದಾಗಿ ಕಟ್ಟಿ 2021ರ ಮಾರ್ಚ್‌ನಲ್ಲಿ ಮತ್ತೆ ತೆರೆದದ್ದು. ಕಾಕ್ಕನಾಡ್ ಕಡೆಯ ಎರಡನೇ ಹಂತದ ಮೆಟ್ರೊ ಕಾಮಗಾರಿ ನಡೆಯುವ ರಸ್ತೆಗಳಲ್ಲಿ ಸಂಜೆ ಹೊತ್ತು ಅರ್ಧ ಗಂಟೆ ಹೆಚ್ಚೇ ಇಟ್ಟುಕೊಳ್ಳಬೇಕು. ಕೊಲ್ಲಿಯ ವಿಮಾನಗಳು ಹೆಚ್ಚಾಗಿ ಬೆಳಗಿನ ಜಾವ ಹೊರಡುವುದು ಒಂದು ತೊಡಕು. ಆ ಹೊತ್ತಿಗೆ ಮೆಟ್ರೊ ಇರುವುದಿಲ್ಲ, ಆದರೆ ರಸ್ತೆ ಖಾಲಿ.

ನಿಲ್ದಾಣದ ಮೂರು ಗಂಟೆಯಲ್ಲಿ ಇಮಿಗ್ರೇಷನ್ ಸಾಲೇ ದೊಡ್ಡದು. ಕೇಂದ್ರ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆ 2025ರ ಜನವರಿಯಲ್ಲಿ ಕೊಚ್ಚಿಗೂ ಬಂದಿತು. ಭಾರತದ ಪಾಸ್‌ಪೋರ್ಟ್ ಇರುವವರು, ಒಸಿಐ ಕಾರ್ಡ್ ಇರುವವರು ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಫೋಟೊ ಕೊಟ್ಟರೆ ಮುಂದಿನ ಪ್ರಯಾಣಗಳಲ್ಲಿ ಇ-ಗೇಟ್ ಮೂಲಕ ಹೋಗಬಹುದು. ವರ್ಷಕ್ಕೆ ಒಂದೆರಡು ಬಾರಿ ಹೋಗಿಬರುವವರು ಇದನ್ನು ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ತಿರುವನಂತಪುರ ಎಂಬ ಇನ್ನೊಂದು ಬಾಗಿಲು

ಕೊಚ್ಚಿ ನಿಲ್ದಾಣ ಹೊಸದು. 1999ರ ಮೇ 25ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದ ಅದು ಸುಮಾರು ಹತ್ತು ಸಾವಿರ ಅನಿವಾಸಿಗಳ ಹಣವೂ ಸೇರಿ ಕಟ್ಟಿದ್ದು. ಅದಕ್ಕೂ ಮುಂಚೆ ವಿಲಿಂಗ್ಡನ್ ದ್ವೀಪದ ನೌಕಾನೆಲೆಯೇ ಕೊಚ್ಚಿಯ ವಿಮಾನ ನಿಲ್ದಾಣ. ತಿರುವನಂತಪುರದ್ದು ಹಳೆಯ ಕತೆ. 1932ರ ಅಕ್ಟೋಬರ್‌ನಲ್ಲಿ ಟಾಟಾ ಅಂಚೆ ವಿಮಾನ ಕರಾಚಿಯಿಂದ ಮುಂಬೈಗೆ, ಅಲ್ಲಿಂದ ನಮ್ಮ ಬಳ್ಳಾರಿಯ ಮೂಲಕ ಮದ್ರಾಸಿಗೆ ಹಾರಿತು. ಮೂರು ವರ್ಷ ಕಳೆದು 1935ರಲ್ಲಿ ಅದೇ ಕಂಪನಿ ಮುಂಬೈಯಿಂದ ಗೋವಾ, ಕಣ್ಣೂರು ಹಾದು ತಿರುವನಂತಪುರಕ್ಕೆ ಬಂದಿತು. 1948ರ ಜೂನ್ 8ರಂದು ಮುಂಬೈಯಿಂದ ಕೈರೊ, ಜಿನೀವಾ ಮೂಲಕ ಲಂಡನ್ನಿಗೆ ಹೊರಟ ಏರ್ ಇಂಡಿಯಾದ ಮೊದಲ ಅಂತರರಾಷ್ಟ್ರೀಯ ವಿಮಾನದ ಹೆಸರು ‘ಮಲಬಾರ್ ಪ್ರಿನ್ಸೆಸ್’.

ಈಗಲೂ ಕೊಚ್ಚಿಯಲ್ಲಿ ಸೀಟು ಸಿಗದಾಗ, ದರ ಏರಿದಾಗ ತಿರುವನಂತಪುರವನ್ನು ನೋಡುವುದುಂಟು. ಎರಡು ನಿಲ್ದಾಣಗಳ ನಡುವೆ ವಿಮಾನದ ದೂರ ಸುಮಾರು 195 ಕಿ.ಮೀ. ಆದರೆ ಇಷ್ಟು ಹತ್ತಿರಕ್ಕೆ ವಿಮಾನ ಹತ್ತುವುದರಲ್ಲಿ ಅರ್ಥವಿಲ್ಲ. ವಂದೇ ಭಾರತ್ ರೈಲು ಎರ್ನಾಕುಳದಿಂದ ಮೂರು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತದೆ, ರೈಲು ನಿಲ್ದಾಣದಿಂದ ವಿಮಾನ ನಿಲ್ದಾಣ ಐದಾರು ಕಿ.ಮೀ. ಅಷ್ಟೆ. ಕಾಸರಗೋಡಿನವರಿಗೂ ತಿರುವನಂತಪುರಕ್ಕೆ 2023ರ ಏಪ್ರಿಲ್ 25ರಿಂದ ವಂದೇ ಭಾರತ್ ಇದೆ. ಆದರೂ ಕಾಸರಗೋಡಿನಿಂದ ವಿದೇಶಕ್ಕೆ ಹೊರಡುವವರಿಗೆ ಬಜ್ಪೆಯ ಮಂಗಳೂರು ನಿಲ್ದಾಣವೋ, 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣವೋ ಹತ್ತಿರ.

ತಿರುವನಂತಪುರದ ದೂರಗಳು ಕೆಲವೊಮ್ಮೆ ಅಚ್ಚರಿ ಹುಟ್ಟಿಸುತ್ತವೆ. ಅಲ್ಲಿಂದ ಕೊಲಂಬೊ ನಿಲ್ದಾಣಕ್ಕೆ ಸುಮಾರು 360 ಕಿ.ಮೀ., ಬೆಂಗಳೂರಿಗೆ ಸುಮಾರು 530 ಕಿ.ಮೀ. ಮಾಲ್ಡೀವ್ಸ್‌ನ ಮಾಲೆಗೆ 600 ಕಿ.ಮೀ. ಚಿಲ್ಲರೆ, ದಿಲ್ಲಿಗೆ 2,200 ಕಿ.ಮೀ. ದಾಟುತ್ತದೆ.

ಆ ನಿಲ್ದಾಣದಲ್ಲಿ ಎರಡು ಸಂಗತಿ ನೆನಪಿರಬೇಕು. ದೇಶೀಯ ಟರ್ಮಿನಲ್ ಶಂಖುಮುಖಂ ಕಡಲತೀರದ ಕಡೆ, ಅಂತರರಾಷ್ಟ್ರೀಯ ಟರ್ಮಿನಲ್ ಚಾಕ್ಕ ಕಡೆ. ನಡುವೆ ರನ್‌ವೇ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಸುತ್ತಿ ಹೋಗಬೇಕು. ಆಟೊದವರಿಗೆ ಯಾವ ಟರ್ಮಿನಲ್ ಎಂದು ಹೇಳದೆ ಹತ್ತಬಾರದು. ಎರಡನೆಯದು ಆರಾಟ್ಟು. ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನದ ಪೈಂಕುನಿ ಉತ್ಸವ ಮಾರ್ಚ್-ಏಪ್ರಿಲ್‌ನಲ್ಲಿ, ಅಲ್ಪಶಿ ಉತ್ಸವ ಅಕ್ಟೋಬರ್-ನವೆಂಬರ್‌ನಲ್ಲಿ. ಎರಡರ ಕೊನೆಯ ದಿನವೂ ದೇವರ ಮೆರವಣಿಗೆ ಆನೆ, ರಾಜಮನೆತನದ ಹಿರಿಯರೊಂದಿಗೆ ರನ್‌ವೇಯನ್ನು ದಾಟಿ ಶಂಖುಮುಖಂ ಸಮುದ್ರಕ್ಕೆ ಹೋಗಿ, ಮಿಂದು, ಅದೇ ದಾರಿಯಲ್ಲಿ ಮರಳುತ್ತದೆ. ವಿಮಾನ ನಿಲ್ದಾಣಕ್ಕಿಂತ ಈ ದಾರಿ ಹಳೆಯದು. ಆ ಸಂಜೆ ನಾಲ್ಕೈದು ಗಂಟೆ ವಿಮಾನಗಳ ಓಡಾಟ ನಿಲ್ಲುತ್ತದೆ, ಪೈಲಟ್‌ಗಳಿಗೆ ಮೊದಲೇ ನೋಟಿಸು ಹೋಗಿರುತ್ತದೆ. ಆ ದಿನದ ಟಿಕೆಟ್ ಇದ್ದವರು ಬದಲಾದ ಸಮಯ ನೋಡಿಕೊಂಡು ಮನೆ ಬಿಡಬೇಕು.

ಕೊಚ್ಚಿಗೆ ಎರಡನೇ ದಾರಿ ಯೋಚಿಸಿಟ್ಟಿರಬೇಕು ಎಂಬುದನ್ನು 2018ರ ಪ್ರವಾಹ ತೋರಿಸಿಕೊಟ್ಟಿತು. ಆಗಸ್ಟ್ 15ರಂದು ನೀರು ನುಗ್ಗಿ ಮುಚ್ಚಿದ ನೆಡುಂಬಾಶ್ಶೇರಿ ಮತ್ತೆ ತೆರೆದದ್ದು 29ರಂದು. ಆ ನಡುವೆ 20ರಿಂದ ಹಳೆಯ ನೌಕಾನೆಲೆಗೆ ಬೆಂಗಳೂರಿನಿಂದ ಸಣ್ಣ ಎಟಿಆರ್ ವಿಮಾನಗಳು ಹಾರಿದವು. ಉಳಿದವರು ತಿರುವನಂತಪುರಕ್ಕೋ ಕೋಯಿಕ್ಕೋಡಿಗೋ ಹೋಗಬೇಕಾಯಿತು.

ದೂರಕ್ಕೆ ತಕ್ಕ ಪರಿಹಾರ

ವಿಮಾನ ತಡವಾದಾಗ, ರದ್ದಾದಾಗ ಕೈಗೆ ಎಷ್ಟು ಹಣ ಬರುತ್ತದೆ ಎಂಬುದಕ್ಕೂ ಈ ಅಳತೆಗಳಿಗೂ ನೇರ ಸಂಬಂಧ ಇದೆ. ಬ್ರಿಟನ್ನಿನ ಕಾನೂನು ದೂರವನ್ನು ನೋಡುತ್ತದೆ. ಅಲ್ಲಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೆ ಅದು ಅನ್ವಯ. 3,500 ಕಿ.ಮೀ. ಮೀರಿದ ಪ್ರಯಾಣದಲ್ಲಿ ಕಂಪನಿಯ ತಪ್ಪಿನಿಂದ ನಾಲ್ಕು ಗಂಟೆಗಿಂತ ಹೆಚ್ಚು ತಡವಾಗಿ ಕೊನೆಯ ಊರು ಸೇರಿದರೆ 520 ಪೌಂಡ್, ಮೂರರಿಂದ ನಾಲ್ಕು ಗಂಟೆಯಾದರೆ ಅದರ ಅರ್ಧ. ಲಂಡನ್ನಿನಿಂದ ದುಬೈ ಮೂಲಕ ಕೊಚ್ಚಿಗೆ ಒಂದೇ ಬುಕಿಂಗ್‌ನಲ್ಲಿ ಬಂದರೆ ಕೊನೆಯ ಊರು ಕೊಚ್ಚಿಯೇ. ಹವಾಮಾನ, ಯುದ್ಧದಂಥ ಕಾರಣಗಳಿಗೆ ಈ ಹಣ ಸಿಗುವುದಿಲ್ಲ. ಕೊಚ್ಚಿಯಿಂದ ಹೋಗುವಾಗ ಬ್ರಿಟನ್ ಅಥವಾ ಯುರೋಪಿಯನ್ ಒಕ್ಕೂಟದ ಕಂಪನಿಯಾದರೆ ಮಾತ್ರ ಅನ್ವಯ.

ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ನೋಡುವುದು ಕಿಲೋಮೀಟರನ್ನಲ್ಲ, ಬ್ಲಾಕ್ ಟೈಮನ್ನು. ಮುನ್ಸೂಚನೆ ಇಲ್ಲದೆ ವಿಮಾನ ರದ್ದಾದರೆ ಒಂದು ಗಂಟೆ ತನಕದ ಹಾರಾಟಕ್ಕೆ 5,000 ರೂಪಾಯಿ, ಒಂದರಿಂದ ಎರಡು ಗಂಟೆಗೆ 7,500, ಅದಕ್ಕೂ ಮೀರಿದರೆ 10,000. ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಯಾವುದು ಕಡಿಮೆಯೋ ಅದು. ಕೊಚ್ಚಿ–ಬೆಂಗಳೂರು ಹಾರಾಟದ ವೇಳಾಪಟ್ಟಿಯಲ್ಲಿ 1 ಗಂಟೆ 5 ನಿಮಿಷ ಎಂದಿದ್ದರೆ ಅದು 7,500ರ ಸಾಲಿಗೆ ಸೇರುತ್ತದೆ. ಮುಕ್ಕಾಲು ಗಂಟೆಯ ಹಾರಾಟ ಎಂದು 5,000ಕ್ಕೆ ತೃಪ್ತರಾಗಬೇಕಿಲ್ಲ.

ಟಿಕೆಟ್ ಕೊಳ್ಳುವ ಮುನ್ನ

ಡೈರೆಕ್ಟ್ ಮತ್ತು ನಾನ್‌ಸ್ಟಾಪ್ ಒಂದೇ ಅಲ್ಲ. ವಿಮಾನದ ನಂಬರ್ ಬದಲಾಗದೆ ನಡುವೆ ಒಂದೂರಲ್ಲಿ ಇಳಿದು ಹೋಗುವುದನ್ನೂ ಡೈರೆಕ್ಟ್ ಎನ್ನುತ್ತಾರೆ. ‘0 ಸ್ಟಾಪ್’ ಎಂದಿದೆಯೇ ನೋಡಬೇಕು.

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆಬೇರೆ ಬುಕಿಂಗ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಸ ಟಿಕೆಟ್ಟಿನ ಖರ್ಚು ಪ್ರಯಾಣಿಕರದೇ. ಲಗೇಜನ್ನೂ ನಡುವೆ ತೆಗೆದುಕೊಂಡು ಮತ್ತೆ ಕೊಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು.

ಯುರೋಪಿನ ನಿಲ್ದಾಣದಲ್ಲಿ ವಿಮಾನ ಬದಲಿಸುವುದಾದರೆ ಭಾರತದ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕೇ ಎಂದು ಆ ದೇಶದ ದೂತಾವಾಸದ ಸೈಟಿನಲ್ಲಿ ನೋಡಬೇಕು. ಈ ನಿಯಮ ದೇಶಕ್ಕೊಂದು ಥರ, ಆಗಾಗ ಬದಲಾಗುತ್ತದೆ.

ಮರಳುವಾಗ ದಿಲ್ಲಿ, ಮುಂಬೈ ಅಥವಾ ಬೆಂಗಳೂರಿನಲ್ಲಿ ಇಳಿದು ಕೊಚ್ಚಿಗೆ ಬರುವುದಾದರೆ ಇಮಿಗ್ರೇಷನ್ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಆಗುತ್ತದೆ. ಬ್ಯಾಗ್ ಅಲ್ಲೇ ತೆಗೆದುಕೊಳ್ಳಬೇಕೇ, ಕೊಚ್ಚಿಯಲ್ಲೇ ಎಂದು ಹೊರಡುವ ಊರಿನ ಚೆಕ್-ಇನ್ ಕೌಂಟರಿನಲ್ಲೇ ಕೇಳಿ, ಬ್ಯಾಗಿನ ಟ್ಯಾಗ್ ಮೇಲೆ ‘ಸಿಒಕೆ’ ಎಂಬ ಕೊಚ್ಚಿಯ ಸಂಕೇತ ಇದೆಯೇ ಎಂದು ಓದಿಕೊಳ್ಳಬೇಕು. ತಿರುವನಂತಪುರದ್ದು ‘ಟಿಆರ್‌ವಿ’. ಇಂಥ ಕನೆಕ್ಷನ್‌ಗೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ಓಡಬೇಕಾಗುತ್ತದೆ.

ಕೊನೆಯದಾಗಿ ಇಳಿಯುವ ಹೊತ್ತು. ಲಂಡನ್ನಿನಲ್ಲಿ ರಾತ್ರಿ ಹನ್ನೊಂದರ ಮೇಲೆ ಇಳಿದರೆ ಊರೊಳಗಿನ ರೈಲು ವಿರಳ, ಟ್ಯಾಕ್ಸಿ ದುಬಾರಿ. ಒಬ್ಬರೇ ಹೋಗುವ ಹಿರಿಯರಿಗೆ ಮಧ್ಯಾಹ್ನ ಅಥವಾ ಸಂಜೆ ಇಳಿಯುವ ವಿಮಾನ ಆರಿಸಿ, ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಟ್ಟರೆ ವಿಮಾನದ ಬಾಗಿಲಿನಿಂದ ಹೊರಬಾಗಿಲ ತನಕ ಸಿಬ್ಬಂದಿ ಜೊತೆಗಿರುತ್ತಾರೆ. ಅದಕ್ಕೆ ಬೇರೆ ಶುಲ್ಕ ಇದೆಯೇ ಎಂದು ಕಂಪನಿಯನ್ನು ಕೇಳಿ, ವಿನಂತಿಯನ್ನು ಹೊರಡುವ 48 ಗಂಟೆ ಮೊದಲೇ ಖಚಿತಪಡಿಸಿಕೊಳ್ಳಬೇಕು.